ನಡೆದವರು ತಿದ್ದಬೇಕಾದ ನಕ್ಷೆ

(ಮಲೆನಾಡಿನ ಹಳ್ಳಿಗರು ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಒಂದು ದಿನದ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಕೃಷಿ ವಿಜ್ಞಾನದವನೊಬ್ಬ ಮೊಬೈಲ್ ನಕ್ಷೆಯ ಬಗ್ಗೆ ಮಾತನಾಡಲು ನಿಂತಿರುವುದು ನಿಮ್ಮಲ್ಲಿ ಕೆಲವರಿಗೆ ಸೋಜಿಗವೆನಿಸಬಹುದು. ಅದಕ್ಕೆ ಕಾರಣವಾದ ಪ್ರಸಂಗವೊಂದರಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಆಷಾಢ. ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಿದೆ, ಬಂದು ನೋಡಿ ಎಂದು ಬೆಳೆಗಾರರೊಬ್ಬರು ಕರೆದಿದ್ದರು. ಇಬ್ಬರು ವಿದ್ಯಾರ್ಥಿಗಳೊಂದಿಗೆ ಜೀಪಿನಲ್ಲಿ ಹೊರಟೆ. ಡಾಂಬರು ರಸ್ತೆ ಬಿಟ್ಟು ಕಣಿವೆಗೆ ಇಳಿಯುತ್ತಿದ್ದಂತೆ ಸಿಗ್ನಲ್ ಹೋಯಿತು. ಮೊಬೈಲಿನಲ್ಲಿ ಮೊದಲೇ ಇಳಿಸಿಟ್ಟಿದ್ದ ನಕ್ಷೆ ಒಂದು ಒಳದಾರಿಯನ್ನು ತೋರಿಸಿತು. ಸುತ್ತು ಉಳಿಯುತ್ತದೆ ಎಂಬ ಆಸೆಯಿಂದ ಅತ್ತ ತಿರುಗಿದೆವು. ದಾರಿ ಹೋಗಿ ನಿಂತದ್ದು ಕೆಂಪಗೆ ತುಂಬಿ ಹರಿಯುತ್ತಿದ್ದ ಹಳ್ಳದ ದಡದಲ್ಲಿ. ನಕ್ಷೆಯಲ್ಲಿ ಸೇತುವೆಯಿದ್ದ ಜಾಗದಲ್ಲಿ ಎರಡು ಮರದ ದಿಮ್ಮಿಗಳನ್ನು ಜೋಡಿಸಿದ ಕಾಲುಸಂಕವಿತ್ತು. ಆಚೆಯ ಧರೆಯ ಮೇಲೆ ಕಂಬಳಿಕೊಪ್ಪೆ ಹೊದ್ದು ನಿಂತಿದ್ದ ವಯಸ್ಸಾದ ತಾಯಿಯೊಬ್ಬರು ಕೂಗಿ ಕೇಳಿದರು: "ಎಂತಕ್ಕೆ ಈ ದಾರಿಗೆ ಬಂದ್ರಿ ಮಾರಾಯ್ರೆ? ದೀಪಾವಳಿ ಕಳೆದ ಮೇಲೆ ಇದು ದಾರಿ. ಈಗ ಇದು ಹಳ್ಳ. ಈ ಮಳೆಗಾಲದಲ್ಲಿ ಹೀಗೆ ಬಂದ ಮೂರನೇ ಗಾಡಿ ನಿಮ್ಮದು."

ನಮಗೆ ಆದ ನಷ್ಟ ಎರಡು ಗಂಟೆಯ ಸಮಯ ಮಾತ್ರ. ಹೆರಿಗೆ ನೋವಿನ ಹೆಣ್ಣುಮಗಳನ್ನು ಕರೆದೊಯ್ಯುವ ಗಾಡಿಯಾಗಿದ್ದರೆ ಆ ಎರಡು ಗಂಟೆಯ ಬೆಲೆ ಬೇರೆಯಾಗುತ್ತಿತ್ತು. ಮರಳುವಾಗ ನನ್ನನ್ನು ಕಾಡಿದ್ದು ಆ ತಾಯಿಯ ಕೊನೆಯ ಮಾತು. ನಮಗಿಂತ ಮೊದಲು ಎರಡು ಗಾಡಿಗಳು ಅಲ್ಲಿಗೆ ಬಂದು ಹಿಂದಿರುಗಿದ್ದವು. ಅವರಲ್ಲಿ ಯಾರೂ ಆ ತಪ್ಪನ್ನು ನಕ್ಷೆಗೆ ಹೇಳಿರಲಿಲ್ಲ. ಹೇಳಬಹುದು ಎಂಬುದೇ ಅವರಿಗೆ ಹೊಳೆದಿರಲಾರದು. ಆ ದಿನದವರೆಗೆ ನನಗೂ ಹೊಳೆದಿರಲಿಲ್ಲ.

ಆದ್ದರಿಂದ ಇಂದು ನಾನು ಹೇಳಬೇಕೆಂದಿರುವುದು ಇಷ್ಟು: ಮಲೆನಾಡಿನ ನಕ್ಷೆಯನ್ನು ಮಲೆನಾಡಿನಲ್ಲಿ ನಡೆಯುವವರು ತಿದ್ದಬೇಕು. ತಿದ್ದುವುದು ಹೇಗೆ, ಏನನ್ನು ತಿದ್ದಬೇಕು, ಯಾವುದನ್ನು ನಕ್ಷೆಗೆ ಹೇಳದೆ ಉಳಿಸಿಕೊಳ್ಳಬೇಕು ಎಂಬುದನ್ನು ಒಂದೊಂದಾಗಿ ನೋಡೋಣ.

ಸಿಗ್ನಲ್ ಇಲ್ಲದೆಯೂ ದಾರಿ ತೋರುವ ಬಗೆ

ಸಿಗ್ನಲ್ ಇಲ್ಲದ ಕಡೆ ಮೊಬೈಲ್ ದಾರಿ ತೋರಿಸಲಾರದು ಎಂಬ ನಂಬಿಕೆ ನಮ್ಮಲ್ಲಿ ಸಾಕಷ್ಟಿದೆ. ನಾವಿರುವ ಸ್ಥಳವನ್ನು ಮೊಬೈಲ್ ಅರಿಯುವುದು ಆಕಾಶದಲ್ಲಿರುವ ಉಪಗ್ರಹಗಳ ಸಂಕೇತಗಳಿಂದ. ಕನಿಷ್ಠ 4 ಉಪಗ್ರಹಗಳ ಸಂಕೇತ ದೊರೆತರೆ ಅಕ್ಷಾಂಶ, ರೇಖಾಂಶ, ಎತ್ತರ ಮೂರನ್ನೂ ಅದು ಲೆಕ್ಕ ಹಾಕುತ್ತದೆ. ರೇಡಿಯೊ ಕೇಳುವಂತೆಯೇ ಇದು ಬರಿಯ ಕೇಳುವಿಕೆ. ಇದಕ್ಕೆ ಸಿಮ್ ಕಾರ್ಡ್ ಕೂಡ ಬೇಕಿಲ್ಲ. ಅಂತರಜಾಲ ಬೇಕಾಗುವುದು ನಕ್ಷೆಯನ್ನು ತರಿಸಿಕೊಳ್ಳಲು. ಪೇಟೆಯಲ್ಲಿರುವಾಗಲೇ ನಮ್ಮ ಭಾಗದ ನಕ್ಷೆಯನ್ನು ಮೊಬೈಲಿಗೆ ಇಳಿಸಿಟ್ಟುಕೊಂಡರೆ, ಬಳಿಕ ಯಾವ ಕಣಿವೆಗೆ ಹೋದರೂ ಅದು ಜೊತೆಗಿರುತ್ತದೆ.

ಹೀಗೆ ಕೆಲಸ ಮಾಡುವ ಉಚಿತ ಆ್ಯಪ್‌ಗಳು ಹಲವಿವೆ. ಓಸ್ಮಾಂಡ್ 2010ರಿಂದ ಇದೆ. ಆರ್ಗ್ಯಾನಿಕ್ ಮ್ಯಾಪ್ಸ್ 2021ರಲ್ಲಿ ಬಂತು. ಅದರಿಂದ ಕವಲೊಡೆದು 2025ರಲ್ಲಿ ಕೋಮ್ಯಾಪ್ಸ್ ಹುಟ್ಟಿತು. ಆ್ಯಪ್ ಬೇರೆ ಬೇರೆಯಾದರೂ ಇವೆಲ್ಲದರ ಒಳಗಿರುವ ಮಾಹಿತಿಯ ಮೂಲ ಒಂದೇ: ಓಪನ್‌ಸ್ಟ್ರೀಟ್‌ಮ್ಯಾಪ್. 2004ರಲ್ಲಿ ಇಂಗ್ಲೆಂಡಿನ ಸ್ಟೀವ್ ಕೋಸ್ಟ್ ಎಂಬವರು ಆರಂಭಿಸಿದ ಈ ನಕ್ಷೆಯನ್ನು ಇಂದು ಜಗತ್ತಿನಾದ್ಯಂತ ಸ್ವಯಂಸೇವಕರು ಬೆಳೆಸುತ್ತಿದ್ದಾರೆ. ಯಾರು ಬೇಕಾದರೂ ಇದಕ್ಕೆ ಸೇರಿಸಬಹುದು, ತಿದ್ದಬಹುದು. ಮೂಲವನ್ನು ಸ್ಮರಿಸಿ, ಅದರ ಮುಕ್ತ ಪರವಾನಗಿಗೆ ಬದ್ಧರಾಗಿ ಬಳಸಬಹುದು. ಊರಿನ ಕೆರೆಯ ಹೂಳನ್ನು ಊರವರೇ ಸೇರಿ ಎತ್ತಿದಂತೆ ಇದು.

ಒಂದು ಕಂಪನಿಯ ನಕ್ಷೆಗೆ ನಾವು ತಿದ್ದುಪಡಿ ಕೊಟ್ಟರೆ ಅದು ಆ ಕಂಪನಿಯ ನಕ್ಷೆಯ ಭಾಗವಾಗುತ್ತದೆ. ನಾಳೆ ಕಂಪನಿ ಅದಕ್ಕೆ ಬೆಲೆ ಕಟ್ಟಿದರೆ ನಾವು ಕೇಳುವಂತಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕೊಟ್ಟದ್ದು ಎಲ್ಲರ ಪಾಲಿಗೂ ಉಳಿಯುತ್ತದೆ. ಇದಕ್ಕೆ ಉದಾಹರಣೆ ಈ ಆ್ಯಪ್‌ಗಳ ಇತಿಹಾಸದಲ್ಲಿಯೇ ಇದೆ. ಮ್ಯಾಪ್ಸ್.ಮಿ ಎಂಬ ಹಳೆಯ ಆ್ಯಪ್ 2020ರಲ್ಲಿ ಬೇರೆಯವರಿಗೆ ಮಾರಾಟವಾಯಿತು. ಆಗ ಅದನ್ನು ಮೊದಲು ಕಟ್ಟಿದವರಲ್ಲಿ ಕೆಲವರು ಅದರ ಮುಕ್ತ ತಂತ್ರಾಂಶವನ್ನೇ ಬಳಸಿ ಆರ್ಗ್ಯಾನಿಕ್ ಮ್ಯಾಪ್ಸ್ ರೂಪಿಸಿದರು. ಆ್ಯಪ್ ಕೈಬದಲಾದರೂ ಜನರು ಕೂಡಿಸಿದ್ದ ನಕ್ಷೆ ಹಾಳಾಗಲಿಲ್ಲ.

ನಮ್ಮ ನಕ್ಷೆ ಬೇಸಿಗೆಯ ನಕ್ಷೆ

ಹಾಗಾದರೆ ಆ ಹಳ್ಳದ ಮೇಲಿನ ತಪ್ಪು ಗೆರೆಯನ್ನು ಎಳೆದವರು ಯಾರು? ಎಲ್ಲಿಯೋ ದೂರದಲ್ಲಿ ಕುಳಿತ ಸ್ವಯಂಸೇವಕರೊಬ್ಬರು ಇರಬಹುದು. ಅವರನ್ನು ದೂರುವ ಮೊದಲು ಅವರ ಕೆಲಸದ ಹಿರಿಮೆಯನ್ನು ನೆನೆಯೋಣ. 2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭೂಕಂಪವಾದಾಗ ರಾಜಧಾನಿ ಪೋರ್ಟ್-ಒ-ಪ್ರಿನ್ಸ್‌ನ ವಿವರವಾದ ನಕ್ಷೆ ಸುಲಭವಾಗಿ ದೊರೆಯುವಂತಿರಲಿಲ್ಲ. ಬೇರೆ ಬೇರೆ ದೇಶಗಳ ನೂರಾರು ಸ್ವಯಂಸೇವಕರು ಉಪಗ್ರಹ ಚಿತ್ರಗಳನ್ನು ನೋಡಿ ಕೆಲವೇ ವಾರಗಳಲ್ಲಿ ಬೀದಿಬೀದಿಯನ್ನೂ ಗುರುತಿಸಿದರು. ಪರಿಹಾರ ಕಾರ್ಯದವರು ಅದನ್ನು ಬಳಸಿದರು.

ಆದರೆ ಮೇಲಿನಿಂದ ನೋಡುವ ಕಣ್ಣಿಗೆ ಒಂದು ಮಿತಿಯಿದೆ. ಪಶ್ಚಿಮ ಘಟ್ಟದ ಮೇಲೆ ಮಳೆಗಾಲವಿಡೀ ಮೋಡ ಮುಸುಕಿರುತ್ತದೆ. ನೆಲ ಕಾಣುವ ಉಪಗ್ರಹ ಚಿತ್ರಗಳು ದೊರೆಯುವುದು ಬಹುಮಟ್ಟಿಗೆ ಮಳೆ ಕಳೆದ ಮೇಲೆಯೇ. ಜನವರಿಯಲ್ಲೋ ಮಾರ್ಚಿಯಲ್ಲೋ ತೆಗೆದ ಚಿತ್ರದಲ್ಲಿ ಹಳ್ಳ ಒಣಗಿ, ಜೀಪು ದಾಟಿದ ಗಾಲಿಗುರುತು ಸ್ಪಷ್ಟವಾಗಿ ಕಾಣುತ್ತದೆ. ನೋಡಿದವರು ಅದನ್ನು ರಸ್ತೆಯೆಂದು ಬರೆಯುತ್ತಾರೆ. ಅಡಿಕೆ ತೋಟವೂ ಕಾನೂ ಮೇಲಿನಿಂದ ಹಸಿರಾಗಿಯೇ ಕಾಣುತ್ತವೆ. ಸೊಪ್ಪಿನಬೆಟ್ಟ ಮತ್ತು ಮೀಸಲು ಅರಣ್ಯದ ನಡುವಿನ ವ್ಯತ್ಯಾಸ ಚಿತ್ರದಲ್ಲಿ ಇರುವುದೇ ಇಲ್ಲ. ಹೀಗಾಗಿ ನಮ್ಮ ಪಾಲಿಗೆ ಬಂದಿರುವುದು ಬೇಸಿಗೆಯ ನಕ್ಷೆ. ವರ್ಷದ ಐದಾರು ತಿಂಗಳು ಮಳೆಯೊಡನೆ ಬಾಳುವ ನಾಡಿಗೆ ಅದು ಅರ್ಧ ವರ್ಷ ಮಾತ್ರ ನಿಜ.

ನನ್ನ ಕ್ಷೇತ್ರದಲ್ಲಿಯೂ ಇದನ್ನು ಕಂಡಿದ್ದೇನೆ. ಸಂಶೋಧನಾ ಕೇಂದ್ರದ ಸಮತಟ್ಟಾದ ಗದ್ದೆಯಲ್ಲಿ ಚೆನ್ನಾಗಿ ಬಂದ ಭತ್ತದ ತಳಿ, ಬೆಟ್ಟದ ನೆರಳಿನ, ನೀರು ನಿಲ್ಲುವ ಗದ್ದೆಯಲ್ಲಿ ಸೋಲಬಹುದು. ಸೋತಿತೆಂದು ಬೆಳೆದ ರೈತ ಬಂದು ಹೇಳಿದರೆ ಮಾತ್ರ ವಿಜ್ಞಾನಿಗೆ ತಿಳಿಯುತ್ತದೆ. ಆತ ಸುಮ್ಮನೆ ತಳಿಯನ್ನು ಕೈಬಿಟ್ಟರೆ ಮುಂದಿನ ವರ್ಷವೂ ಅದೇ ಬೀಜ ಅದೇ ಶಿಫಾರಸಿನೊಂದಿಗೆ ಊರಿಗೆ ಬರುತ್ತದೆ. ನಕ್ಷೆಯ ವಿಷಯವೂ ಹಾಗೆಯೇ. ನಮ್ಮ ಮೌನವನ್ನು ಅದು ಒಪ್ಪಿಗೆಯೆಂದೇ ತಿಳಿಯುತ್ತದೆ.

ಈ ಮೌನ ಜೀವ ತೆಗೆಯಲೂಬಹುದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ ಮೊಬೈಲ್ ನಕ್ಷೆಯನ್ನು ಅನುಸರಿಸಿ ಹೊರಟಿದ್ದ ಕಾರೊಂದು ಮುರಿದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೂವರು ಸತ್ತರು. ಸೇತುವೆಯ ಮುಂಭಾಗ ಪ್ರವಾಹಕ್ಕೆ ಸಿಕ್ಕಿ ಕುಸಿದಿದ್ದ ಸಂಗತಿ ನಕ್ಷೆಗೆ ತಲುಪಿರಲಿಲ್ಲ. ದಾರಿಗೆ ಅಡ್ಡಗಟ್ಟೆಯೂ ಇರಲಿಲ್ಲ.

ಮದ್ದಿಗಿಂತ ಮೊದಲು ರೋಗದ ಗುರುತು

ಅಡಿಕೆಯ ಸೋಗೆ ಹಳದಿಯಾಯಿತೆಂದು ಎಲ್ಲರೂ ಒಂದೇ ಗೊಬ್ಬರ ಹಾಕಿದರೆ ಫಲವಿಲ್ಲ. ಬಸಿಗಾಲುವೆ ಕಟ್ಟಿಕೊಂಡು ಬೇರು ಕೊಳೆತಿರಬಹುದು, ಪೋಷಕಾಂಶದ ಕೊರತೆಯಿರಬಹುದು, ರೋಗವೇ ಇರಬಹುದು. ನಕ್ಷೆಯ ಆ್ಯಪ್ ದಾರಿ ತಪ್ಪಿಸಿದಾಗಲೂ ಕಾರಣವನ್ನು ಮೊದಲು ಗುರುತಿಸಬೇಕು. ಸಾಮಾನ್ಯವಾಗಿ ಕಾರಣಗಳು ನಾಲ್ಕು.

ಮೊದಲನೆಯದು, ನಮ್ಮಲ್ಲಿರುವ ನಕ್ಷೆ ಹಳೆಯದಾಗಿರುವುದು. ಲಿಂಗನಮಕ್ಕಿ ಅಣೆಕಟ್ಟಿನಿಂದಾಗಿ 1960ರ ದಶಕದಲ್ಲಿ ಶರಾವತಿಯ ಹಿನ್ನೀರು ತುಮರಿ ಭಾಗವನ್ನು ಸಾಗರದಿಂದ ಬೇರ್ಪಡಿಸಿತು. ದಶಕಗಳ ಕಾಲ ಜನ ಲಾಂಚನ್ನೇ ನಂಬಿ ಬದುಕಿದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅದಕ್ಕೆ ಬಹಳ ಮೊದಲು ಇಳಿಸಿದ ನಕ್ಷೆ ನಿಮ್ಮ ಮೊಬೈಲಿನಲ್ಲಿ ಹಾಗೆಯೇ ಇದ್ದರೆ, ಅದು ಇಂದಿಗೂ ನಿಮ್ಮನ್ನು ಲಾಂಚಿನ ದಡಕ್ಕೆ ಕಳುಹಿಸಿದರೆ ಆಶ್ಚರ್ಯವಿಲ್ಲ. ಇಳಿಸಿದ ನಕ್ಷೆ ತಾನಾಗಿ ಬೆಳೆಯುವುದಿಲ್ಲ. ಆದ್ದರಿಂದ ತಪ್ಪು ಕಂಡಾಗ ಮೊದಲು ನಕ್ಷೆಯನ್ನು ಹೊಸದಾಗಿ ಇಳಿಸಿ ನೋಡಿ.

ಎರಡನೆಯದು, ಮೂಲ ಮಾಹಿತಿಯೇ ತಪ್ಪಾಗಿರುವುದು: ಇಲ್ಲದ ಸೇತುವೆ, ಬಿಟ್ಟುಹೋದ ದಾರಿ, ತಪ್ಪು ಹೆಸರು. ಇದನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ತಿದ್ದಬೇಕು. ಅಲ್ಲಿ ತಿದ್ದಿದರೆ ಅದನ್ನು ಬಳಸುವ ಎಲ್ಲ ಆ್ಯಪ್‌ಗಳಿಗೂ ಕಾಲಕ್ರಮದಲ್ಲಿ ತಲುಪುತ್ತದೆ.

ಮೂರನೆಯದು, ಮಾಹಿತಿ ಸರಿಯಿದ್ದೂ ಆ್ಯಪ್ ತಪ್ಪು ದಾರಿಯನ್ನು ಆರಿಸುವುದು. ಕಚ್ಚಾರಸ್ತೆಯೆಂದು ನಕ್ಷೆಯಲ್ಲಿ ಬರೆದಿದ್ದರೂ ಹತ್ತಿರವೆಂಬ ಕಾರಣಕ್ಕೆ ಕಾರನ್ನು ಅತ್ತ ಕಳುಹಿಸುವುದು ಇಂಥ ತಪ್ಪು. ಇದನ್ನು ಆ್ಯಪ್ ರೂಪಿಸಿದವರಿಗೆ ತಿಳಿಸಬೇಕು. ಎಲ್ಲಿಂದ ಎಲ್ಲಿಗೆ, ಯಾವ ವಾಹನಕ್ಕೆ ದಾರಿ ಕೇಳಿದಿರಿ, ಅದು ಏನು ತೋರಿಸಿತು, ಏನು ತೋರಿಸಬೇಕಿತ್ತು ಎಂಬುದನ್ನು ಬರೆಯಬೇಕು.

ನಾಲ್ಕನೆಯದು, ಉಪಗ್ರಹ ಸಂಕೇತದ ತೊಡಕು. ಕಡಿದಾದ ಕಣಿವೆಯಲ್ಲಿ, ದಟ್ಟ ಮರಗಳ ಅಡಿಯಲ್ಲಿ ಸಂಕೇತ ದುರ್ಬಲವಾಗುತ್ತದೆ. ಬಂಡೆಗೆ ತಾಗಿ ಬಂದ ಸಂಕೇತ ಲೆಕ್ಕವನ್ನು ಕೆಡಿಸುತ್ತದೆ. ಆಗ ನಾವು ಇದ್ದಲ್ಲಿಗಿಂತ ಹತ್ತಾರು ಮೀಟರು ದೂರದಲ್ಲಿ ಇರುವಂತೆ ತೋರಬಹುದು. ಇದಕ್ಕೆ ನಕ್ಷೆಯನ್ನು ತಿದ್ದಬಾರದು. ಬಯಲಿಗೆ ಬಂದು ಕೊಂಚ ಹೊತ್ತು ನಿಂತು ನೋಡಬೇಕು. ಒಂದೇ ದಾರಿಯನ್ನು ಎರಡು ಮೂರು ದಿನ ನಡೆದು, ಮೊಬೈಲ್ ದಾಖಲಿಸಿದ ಜಾಡುಗಳನ್ನು ಹೋಲಿಸಿದ ಬಳಿಕವೇ ಗೆರೆ ಎಳೆಯುವುದು ಒಳ್ಳೆಯದು.

ಟಿಪ್ಪಣಿ ಬರೆಯುವ ಬಗೆ

ನಕ್ಷೆಯನ್ನು ನೀವೇ ತಿದ್ದಲು ಬಾರದಿದ್ದರೆ ಚಿಂತೆಯಿಲ್ಲ. ನಾನು ಹೇಳಿದ ಆ್ಯಪ್‌ಗಳಲ್ಲಿ ಒಂದು ಸ್ಥಳವನ್ನು ಒತ್ತಿ ಟಿಪ್ಪಣಿ ಬರೆಯಬಹುದು. ಸಿಗ್ನಲ್ ಇಲ್ಲದಲ್ಲಿ ಬರೆದದ್ದನ್ನು ಪೇಟೆಗೆ ಬಂದಾಗ ಕಳುಹಿಸಬಹುದು. ಕನ್ನಡದಲ್ಲಿಯೇ ಬರೆಯಿರಿ. ಆದರೆ ಬರೆಯುವಾಗ ಒಂದು ಶಿಸ್ತು ಬೇಕು.

"ಇಲ್ಲಿ ರಸ್ತೆ ಸರಿಯಿಲ್ಲ" ಎಂದು ಬರೆದರೆ ಓದಿದವರಿಗೆ ಏನೂ ತಿಳಿಯದು. ರಸ್ತೆಯೇ ಇಲ್ಲವೋ, ಇದ್ದು ಹಾಳಾಗಿದೆಯೋ? ಅದೇ ಮಾತನ್ನು ಹೀಗೆ ಬರೆಯಬಹುದು: "ಈ ಹಳ್ಳಕ್ಕೆ ಸೇತುವೆಯಿಲ್ಲ. ಮರದ ಕಾಲುಸಂಕ ಮಾತ್ರ ಇದೆ. ಜೂನ್‌ನಿಂದ ನವೆಂಬರ್‌ವರೆಗೆ ಯಾವ ವಾಹನವೂ ದಾಟದು; ಬೇಸಿಗೆಯಲ್ಲಿ ಜೀಪು ಹಳ್ಳಕ್ಕೆ ಇಳಿದು ದಾಟುತ್ತದೆ. ಜುಲೈ ಎರಡನೇ ವಾರದಲ್ಲಿ ಕಣ್ಣಾರೆ ಕಂಡದ್ದು." ಎಲ್ಲಿ, ಏನು, ಯಾರಿಗೆ ಅಡ್ಡಿ, ಯಾವ ಋತುವಿನಲ್ಲಿ, ಯಾವಾಗ ನೋಡಿದ್ದು ಎಂಬ ಐದೂ ಸಂಗತಿಗಳು ಇದರಲ್ಲಿವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇವುಗಳಿಗೆ ಸ್ಥಾನವಿದೆ. ಹಳ್ಳಕ್ಕಿಳಿದು ದಾಟುವ ಜಾಗವನ್ನು ಸೇತುವೆಯಿಂದ ಬೇರೆಯಾಗಿ ಗುರುತಿಸಬಹುದು. ಬೇಸಿಗೆಯಲ್ಲಿ ಒಣಗುವ ಹಳ್ಳವನ್ನು ಹಾಗೆಂದು ಬರೆಯಬಹುದು. ದಾರಿ ಡಾಂಬರಿನದೋ ಮಣ್ಣಿನದೋ ಎಂದು ತಿಳಿಸಬಹುದು. ಊರುಗಳ, ಹಳ್ಳಗಳ, ಗುಡ್ಡಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಸೇರಿಸಲು ಪ್ರತ್ಯೇಕ ಅವಕಾಶವೇ ಇದೆ. ನಮ್ಮ ಎಷ್ಟೋ ಹಳ್ಳಗಳು ನಕ್ಷೆಯಲ್ಲಿ ಹೆಸರಿಲ್ಲದ ನೀಲಿ ಗೆರೆಗಳಾಗಿ ಉಳಿದಿವೆ. ಆ ಹೆಸರುಗಳನ್ನು ಬಲ್ಲ ಹಿರಿಯರು ಇನ್ನೂ ನಮ್ಮೊಡನೆ ಇರುವಾಗಲೇ ಈ ಕೆಲಸ ಆಗಬೇಕು.

ಮೂರು ಎಚ್ಚರಿಕೆಗಳು. ಬೇರೆ ಕಂಪನಿಯ ನಕ್ಷೆಯನ್ನು ನೋಡಿ ನಕಲು ಮಾಡಬಾರದು. ಅದು ಕಾನೂನಿಗೂ ವಿರುದ್ಧ, ಅದರ ತಪ್ಪೂ ಜೊತೆಗೆ ಬರುತ್ತದೆ. ಕಂಡದ್ದನ್ನು ಬರೆಯಬೇಕು, ಕೇಳಿದ್ದನ್ನು ಕಂಡವರಂತೆ ಬರೆಯಬಾರದು. ನಾಲ್ಕು ದಿನದ ಅಡಚಣೆಯನ್ನು ನಕ್ಷೆಗೆ ಸೇರಿಸಬಾರದು. ಧರೆ ಕುಸಿದು ರಸ್ತೆ ಮುಚ್ಚಿದೆ, ವಾರದಲ್ಲಿ ತೆರವಾಗುತ್ತದೆ ಎಂದಿಟ್ಟುಕೊಳ್ಳಿ. ಅದನ್ನು ನೀವು ನಕ್ಷೆಯಲ್ಲಿ ಮುಚ್ಚಿದ ದಿನ ಯಾರೋ ಒಬ್ಬರು ನಕ್ಷೆಯನ್ನು ಇಳಿಸಿಕೊಂಡರೆ, ಅವರ ಮೊಬೈಲಿನಲ್ಲಿ ಆ ರಸ್ತೆ ತಿಂಗಳುಗಟ್ಟಲೆ ಮುಚ್ಚಿಯೇ ಇರುತ್ತದೆ. ಅಂದಂದಿನ ಸುದ್ದಿಗೆ ಊರಿನ ಜನರನ್ನೇ ಕೇಳಬೇಕು. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಂಡಂತೆ, ಮಳೆಗಾಲದ ಘಟ್ಟದಲ್ಲಿ ನಿನ್ನೆಯ ರಸ್ತೆ ಇಂದು ಇರುತ್ತದೆಂದು ಮೊಬೈಲಿನೊಳಗಿನ ಯಾವ ನಕ್ಷೆಯೂ ಭರವಸೆ ಕೊಡಲಾರದು.

ಹೇಳದೆ ಉಳಿಸಬೇಕಾದದ್ದು

ಇಷ್ಟೆಲ್ಲ ಹೇಳಿದ ಮೇಲೆ ಇದಕ್ಕೆ ಎದುರಾದ ಮಾತನ್ನೂ ಹೇಳಲೇಬೇಕು. ಕಂಡದ್ದೆಲ್ಲವನ್ನೂ ನಕ್ಷೆಗೆ ಬರೆಯುವುದು ಜಾಣತನವಲ್ಲ. ರಾಮಪತ್ರೆಯ ಜಡ್ಡಿ ಎಲ್ಲಿದೆ, ಸಿಂಗಳೀಕಗಳ ಹಿಂಡು ಎಲ್ಲಿ ಮೇಯುತ್ತದೆ, ಹೆಜ್ಜೇನು ಕಟ್ಟುವ ಮರ ಯಾವುದು, ಗಂಧದ ಮರ ಎಷ್ಟಿವೆ ಎಂಬುದು ನಮಗೆ ಗೊತ್ತಿದೆ. ಬರೆದ ಕ್ಷಣದಿಂದ ಅದು ಜಗತ್ತಿಗೆ ಗೊತ್ತಾಗುತ್ತದೆ. 2024ರ ಜನವರಿಯಲ್ಲಿ ಕುಮಾರಪರ್ವತದ ಚಾರಣದ ದಾರಿಯಲ್ಲಿ ಸಂತೆಯಂತೆ ಸೇರಿದ ಜನರ ಚಿತ್ರಗಳನ್ನು ನೀವೂ ಕಂಡಿರಬಹುದು. ಪ್ರಚಾರ ಸಿಕ್ಕಿದ ದಾರಿಯ ಪಾಡು ಅದು. ಹೆಸರಿಲ್ಲದ ಸಣ್ಣ ಜಲಪಾತಕ್ಕೆ ಒಂದು ಗೆರೆ ಎಳೆದರೆ ಮುಂದಿನ ವರ್ಷ ಅಲ್ಲಿ ಬಾಟಲಿಯ ಚೂರುಗಳನ್ನು ಹೆಕ್ಕುವವರು ನಾವೇ.

ತೋಟದ ನಡುವೆ ಹಾದುಹೋಗುವ ಮನೆದಾರಿಗಳ ವಿಷಯದಲ್ಲಿಯೂ ಮನೆಯವರ ಒಪ್ಪಿಗೆ ಬೇಕು. ಉಣಗೋಲು ತೆಗೆದು ನೆರೆಯವರು ಓಡಾಡುವುದು ಒಂದು. ಅಪರಿಚಿತರ ಕಾರು ಒಳನುಗ್ಗುವುದು ಇನ್ನೊಂದು. ಅಂಥ ದಾರಿ ಈಗಾಗಲೇ ನಕ್ಷೆಯಲ್ಲಿದ್ದರೆ ಅದನ್ನು ಖಾಸಗಿಯೆಂದು ಗುರುತಿಸಬಹುದು. ಆಗ ಆ್ಯಪ್ ಸಾಮಾನ್ಯವಾಗಿ ಹೊರಗಿನವರನ್ನು ಅತ್ತ ಕಳುಹಿಸುವುದಿಲ್ಲ. ಇದನ್ನು ಬರೆದರೆ ಕಷ್ಟದಲ್ಲಿರುವವನಿಗೆ ದಾರಿ ಸಿಗುತ್ತದೆಯೋ, ಅಥವಾ ಕಾಡಿಗೆ, ಮನೆಯವರಿಗೆ ಕೇಡಾಗುತ್ತದೆಯೋ ಎಂದು ಪ್ರತಿ ಗುರುತಿಗೂ ಮೊದಲು ಕೇಳಿಕೊಂಡರೆ ಸಾಕು.

ಸಂಕ ಮತ್ತು ಸೇತುವೆ

ಕೊನೆಗೆ ಮತ್ತೆ ಆ ಹಳ್ಳದ ದಡಕ್ಕೆ ಬರುತ್ತೇನೆ. 2022ರ ಮಳೆಗಾಲದಲ್ಲಿ ಬೈಂದೂರು ಭಾಗದಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಮಲೆನಾಡು, ಕರಾವಳಿಗಳಲ್ಲಿ ಇಂದಿಗೂ ಮಕ್ಕಳು ಸಂಕ ದಾಟಿ ಶಾಲೆಗೆ ಹೋಗುತ್ತಾರೆ. ಹಾಗಿರುವಾಗ ಸಂಕವಿರುವಲ್ಲಿ ನಕ್ಷೆ ಸೇತುವೆಯನ್ನು ತೋರಿಸುವುದು ದಾರಿಹೋಕನಿಗಷ್ಟೇ ಮಾಡುವ ಮೋಸವಲ್ಲ. ಸೇತುವೆ ಇದೆಯೆಂದು ನಕ್ಷೆ ಹೇಳಿದರೆ, ಆ ಊರಿಗೆ ಸೇತುವೆ ಬೇಕಿಲ್ಲ ಎಂದೂ ಅದು ಹೇಳಿದಂತಾಗುತ್ತದೆ.

ಅದೇ ಸಂಕವನ್ನು ಸಂಕವೆಂದೇ ಬರೆದು, ಎಷ್ಟು ಮಕ್ಕಳು ಅದನ್ನು ದಾಟುತ್ತಾರೆ, ಸೇತುವೆಯಿರುವ ಸುತ್ತುದಾರಿ ಎಷ್ಟು ದೂರ ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟರೆ, ಗ್ರಾಮಸಭೆಗೆ ಕೊಡುವ ಅರ್ಜಿಯ ಜೊತೆ ಲಗತ್ತಿಸಲು ನಮ್ಮಲ್ಲಿ ಒಂದು ದಾಖಲೆ ಇರುತ್ತದೆ. ಅರ್ಜಿ ಕೊಟ್ಟೊಡನೆ ಸೇತುವೆ ಬಂದುಬಿಡುವುದಿಲ್ಲ. ಅದನ್ನು ನಿಮಗೆ ನಾನು ಹೇಳಬೇಕಿಲ್ಲ. ಆದರೆ "ಅಂಥ ಜಾಗವೇ ಇಲ್ಲ" ಎನ್ನುವ ಉತ್ತರಕ್ಕೆ ಅವಕಾಶ ಇರುವುದಿಲ್ಲ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸವನ್ನು ಒಪ್ಪಿಸಿ ಮಾತು ಮುಗಿಸುತ್ತೇನೆ. ಬರುವ ಮಳೆಗಾಲದಲ್ಲಿ ಇಬ್ಬಿಬ್ಬರು ಸೇರಿ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ನಿಮ್ಮ ಮನೆಯಿಂದ ಶಾಲೆಗೆ, ಆಸ್ಪತ್ರೆಗೆ, ಬಸ್ಸು ನಿಲ್ಲುವಲ್ಲಿಗೆ ಹೋಗುವ ದಾರಿಗಳನ್ನು ನಡೆಯಿರಿ. ತುಂಬಿದ ಹಳ್ಳಕ್ಕೆ ಇಳಿಯಬೇಡಿ, ದಡದಲ್ಲಿಯೇ ನಿಂತು ಬರೆಯಿರಿ. ಹಿರಿಯರು ಹೇಳುವ ಹೆಸರುಗಳನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ. ಮೊಬೈಲ್ ಇಲ್ಲದವರು ಹಾಳೆಯ ಮೇಲೆ ಬರೆಯಿರಿ. ಅದನ್ನು ಸೇರಿಸುವ ಕೆಲಸಕ್ಕೆ ನಾನೂ ನಿಮ್ಮೊಡನೆ ಕೂರುತ್ತೇನೆ.

ನಾನು ಹೇಳಿದ ಆ ಹಳ್ಳದ ಮೇಲೆ ಈಗ ನಕ್ಷೆಯಲ್ಲಿ ಸೇತುವೆಯಿಲ್ಲ. ಆ ತಾಯಿ ಒಂದು ಮಾತಿನಲ್ಲಿ ಹೇಳಿದ್ದನ್ನು ನಾನು ನಾಲ್ಕು ಸಾಲಿನಲ್ಲಿ ಬರೆದು ಕಳುಹಿಸಿದೆ, ಯಾರೋ ಒಬ್ಬ ಸ್ವಯಂಸೇವಕರು ಅದನ್ನು ಓದಿ ತಿದ್ದಿದರು. ನೆಲದ ಮೇಲೂ ಅಲ್ಲಿ ಇನ್ನೂ ಸೇತುವೆಯಾಗಿಲ್ಲ. ಅದಾಗುವ ದಿನ ನಕ್ಷೆಯನ್ನು ಮತ್ತೊಮ್ಮೆ ತಿದ್ದುವ ಭಾಗ್ಯ ನಿಮ್ಮಲ್ಲಿ ಯಾರಿಗಾದರೂ ದೊರೆಯಲಿ ಎಂದು ಹಾರೈಸುತ್ತೇನೆ.